ನೋವಿಲ್ಲ ಅಂದರೂ ಆವತ್ತೇ ಕರೆಸಿದ ಕಣ್ಣು

ಮಳೆಗಾಲ ಬಂತೆಂದರೆ ನನ್ನಲ್ಲಿಗೆ ಪೊರೆಯ ಆಪರೇಷನ್‌ಗೆ ಮಲ್ಪೆ ಕಡೆಯವರು ಜಾಸ್ತಿ ಬರುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲಿಂಗ್, ಅಂದರೆ ಬೋಟಿನಲ್ಲಿ ಬಲೆ ಎಳೆದು ಮೀನು ಹಿಡಿಯುವುದು, ನಿಷೇಧ. ಬೋಟು ದಡದಲ್ಲಿದ್ದರೆ ಮೀನು ಮಾರುವ ಹೆಂಗಸರಿಗೂ ಕಣ್ಣಿನ ಬಗ್ಗೆ ಯೋಚಿಸಲು ಪುರುಸೊತ್ತು. ಹಾಗೆ ಬಂದವರು ಈ ಅಮ್ಮ. ಸೋಮವಾರ ಬಲಗಣ್ಣಿನ ಆಪರೇಷನ್, ಮಂಗಳವಾರ ಪಟ್ಟಿ ಬಿಚ್ಚಿದಾಗ ಎಲ್ಲ ಸರಿ.

ಶುಕ್ರವಾರ ಸಂಜೆ ಮಗನ ಫೋನು. "ಅಮ್ಮನಿಗೆ ಸ್ವಲ್ಪ ಮಂಜು ಮಂಜು ಕಾಣ್ತದಂತೆ ಡಾಕ್ಟ್ರೇ. ನೋವೇನೂ ಇಲ್ಲ."

ಹೊರಗೆ ಧೋ ಎಂದು ಮಳೆ. "ನಾಳೆ ಬೆಳಿಗ್ಗೆ ಬನ್ನಿ" ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. ಆದರೆ ಕಣ್ಣಿನ ಒಳಗಿನ ಸೋಂಕು, ನಾವು ಎಂಡಾಫ್ಥಲ್ಮೈಟಿಸ್ ಎನ್ನುವುದು, ನಾಲ್ಕರಲ್ಲಿ ಒಬ್ಬರಿಗೆ ನೋವಿಲ್ಲದೆಯೇ ಬರುತ್ತದೆ. ನಿನ್ನೆ ಚೆನ್ನಾಗಿ ಕಂಡದ್ದು ಇವತ್ತು ಮಂಜಾದರೆ ಅದಕ್ಕಿಂತ ದೊಡ್ಡ ಲಕ್ಷಣ ಬೇಡ. ಆಗಲೇ ಹೊರಡಿ ಎಂದೆ.

ಕಣ್ಣನ್ನು ದೊಡ್ಡದಾಗಿ ತೋರಿಸುವ ಸ್ಲಿಟ್ ಲ್ಯಾಂಪಿನಲ್ಲಿ ನೋಡಿದರೆ ಕರಿಗುಡ್ಡೆಯ ಬುಡದಲ್ಲಿ ಬಿಳಿ ಗೆರೆಯ ಹಾಗೆ ಕೀವು ನಿಂತಿತ್ತು. ಕೈ ಆಡಿಸಿದರೆ ಗೊತ್ತಾಗುತ್ತಿತ್ತು, ಬೆರಳು ಎಣಿಸಲು ಆಗುತ್ತಿರಲಿಲ್ಲ. ಮನೆಯಲ್ಲಿ ಯಾರೋ ನಂದಿಬಟ್ಟಲು ಹೂವಿನ ನೀರು ಬಿಡಲು ಹೇಳಿದ್ದರಂತೆ, ಪುಣ್ಯಕ್ಕೆ ಬಿಟ್ಟಿರಲಿಲ್ಲ.

"ಡ್ರಿಪ್ ಹಾಕುವುದಿಲ್ವಾ?" ಎಂದು ಮಗ ಕೇಳಿದರು. ರಕ್ತನಾಳಕ್ಕೆ ಕೊಟ್ಟ ಮದ್ದು ಕಣ್ಣಿನ ಒಳಗೆ ಬೇಕಾದಷ್ಟು ಇಳಿಯುವುದಿಲ್ಲ. 1995ರಲ್ಲಿ ಪ್ರಕಟವಾದ, 420 ರೋಗಿಗಳ ಅಮೆರಿಕದ ಅಧ್ಯಯನದಲ್ಲಿ ಡ್ರಿಪ್‌ನಿಂದ ದೃಷ್ಟಿಗೆ ಹೆಚ್ಚಿನ ಲಾಭ ಕಾಣಲಿಲ್ಲ. ಬೆಳಕು ಮಾತ್ರ ತಿಳಿಯುವಷ್ಟು ಹದಗೆಟ್ಟ ಕಣ್ಣಿಗೆ ತಕ್ಷಣದ ವಿಟ್ರೆಕ್ಟಮಿ, ಅಂದರೆ ಕಣ್ಣಿನ ಒಳಗಿನ ಲೋಳೆಯನ್ನು ತೆಗೆಯುವ ಆಪರೇಷನ್, ಒಳ್ಳೆಯದು ಎಂದು ಹೇಳಿದ್ದೂ ಅದೇ. ಇವರಿಗೆ ಕೈ ಕಾಣುತ್ತಿತ್ತಲ್ಲ, ಹಾಗಾಗಿ ಕಣ್ಣಿನ ಒಳಗೇ ಇಂಜೆಕ್ಷನ್ ಕೊಟ್ಟರೆ ಸಾಕು ಎಂದು ತೀರ್ಮಾನಿಸಿದೆ.

ಕರಿಗುಡ್ಡೆಯ ಅಂಚಿನಿಂದ 3.5 ಮಿಲಿಮೀಟರ್ ಹಿಂದೆ ಸೂಜಿ ಹಾಕಿ ಒಳಗಿನ ದ್ರವವನ್ನು 0.2 ಎಂ.ಎಲ್. ತೆಗೆದು, ಯಾವ ರೋಗಾಣು ಎಂದು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಗೆ ಕಳಿಸಿದೆ. ರಿಪೋರ್ಟ್ ಬರಲಿ ಎಂದು ಕೂರುವ ಹಾಗಿಲ್ಲ. ಎರಡು ಆಂಟಿಬಯಾಟಿಕ್ ಕೊಟ್ಟೆ: ವ್ಯಾಂಕೊಮೈಸಿನ್ 1 ಮಿಲಿಗ್ರಾಂ, ಸೆಫ್ಟಾಜಿಡಿಮ್ 2.25 ಮಿಲಿಗ್ರಾಂ, ತಲಾ 0.1 ಎಂ.ಎಲ್.ನಲ್ಲಿ. ಸಿರಿಂಜ್ ಬೇರೆ ಬೇರೆ. ಒಂದರಲ್ಲೇ ಬೆರೆಸಿದರೆ ಮದ್ದು ಗಟ್ಟಿ ಕಟ್ಟುತ್ತದೆ. ನಿಜವಾಗಿ ಕೈ ನಡುಗಿಸುವುದು ಸೂಜಿಯಲ್ಲ, ಮದ್ದು ಕಲಸುವ ಲೆಕ್ಕ. ವ್ಯಾಂಕೊಮೈಸಿನ್‌ನ 500 ಮಿಲಿಗ್ರಾಂ ಬಾಟ್ಲಿಯನ್ನು 10 ಎಂ.ಎಲ್. ಸಲೈನಿನಲ್ಲಿ ಕರಗಿಸಿ, ಅದರಿಂದ 1 ಎಂ.ಎಲ್. ತೆಗೆದು, ಮತ್ತೆ 4 ಎಂ.ಎಲ್. ಸೇರಿಸಬೇಕು. ಒಂದು ಸೊನ್ನೆ ತಪ್ಪಿದರೆ ಅಕ್ಷಿಪಟಲವೇ ಹೋದೀತು. ಸಿಸ್ಟರ್ ಗಟ್ಟಿಯಾಗಿ ಓದಿದರು, ನಾನು ಅದರಂತೆ ಕಲಸಿದೆ.

ಆಮೇಲೆ, ಅದೇ ಸೋಮವಾರ ಆಪರೇಷನ್ ಆದ ಉಳಿದ ಐದು ಮಂದಿಗೂ ರಾತ್ರಿಯೇ ಫೋನು. ಸೋಂಕು ಅಲ್ಲಿಂದಲೇ ಬಂದಿದ್ದರೆ ಎಂದು ಥಿಯೇಟರ್ ಮುಚ್ಚಿಸಿದೆ. ಅವರೆಲ್ಲ ಸರಿ ಇದ್ದರು. ಕಲ್ಚರ್‌ನಲ್ಲಿ ಬೆಳೆದದ್ದು ಸ್ಟ್ಯಾಫಿಲೊಕಾಕಸ್ ಎಪಿಡರ್ಮಿಡಿಸ್, ನಮ್ಮೆಲ್ಲರ ರೆಪ್ಪೆಯ ಮೇಲೂ ಇರುವ ಜೀವಿ.

ಎರಡು ದಿನ ಬಿಟ್ಟು ನೋಡಿದಾಗ ಕೀವು ಕರಗುತ್ತಿತ್ತು. ಎರಡನೆಯ ಇಂಜೆಕ್ಷನ್ ಬೇಕಾಗಲಿಲ್ಲ. ಮೂರು ತಿಂಗಳಿಗೆ ದೃಷ್ಟಿ 6/12 ಬಂತು, ಅಂದರೆ ಒಳ್ಳೆಯ ಕಣ್ಣಿಗೆ 12 ಮೀಟರ್‌ನಿಂದ ಕಾಣುವ ಅಕ್ಷರ ಇವರಿಗೆ 6 ಮೀಟರ್‌ನಿಂದ ಕಾಣುತ್ತಿತ್ತು. ಕಣ್ಣೆದುರು ಸೊಳ್ಳೆ ಹಾರಿದ ಹಾಗೆ ಕಾಣುವುದು ಮಾತ್ರ ಉಳಿಯಿತು, ಅದಕ್ಕೆ ಈಗಲೂ ನನ್ನನ್ನು ಬೈಯುತ್ತಾರೆ.

ಮರುವರ್ಷ ಜೂನ್‌ನಲ್ಲಿ ಎಡಗಣ್ಣಿಗೆ ಅವರಾಗಿಯೇ ಬಂದರು. ಟೇಬಲ್ ಮೇಲೆ ಮಲಗಿಸಿ ರೋಗಾಣು ಕೊಲ್ಲುವ 5 ಶೇಕಡಾ ಪೋವಿಡೋನ್ ಅಯೋಡಿನ್ ಕಣ್ಣಿಗೆ ಬಿಟ್ಟೆ. ಪೂರಾ 3 ನಿಮಿಷ ಇರಬೇಕು.

"ಇನ್ನೂ ಎಷ್ಟು ಹೊತ್ತು ಡಾಕ್ಟ್ರೇ?"

ನಾನು ಗೋಡೆಯ ಗಡಿಯಾರ ನೋಡುತ್ತಿದ್ದೆ. "ಇನ್ನು ಒಂದು ನಿಮಿಷ ಉಂಟು, ಅಮ್ಮ."