ಕೊಡಗಿನ ಮಳೆಗೆ ನಿಲ್ಲುವ ಮಣ್ಣಿನ ಗೋಡೆ, ಹುಲ್ಲಿನ ಮಾಡು

ಮಣ್ಣಿನ ಗೋಡೆಯನ್ನು ಕೆಡವುವುದು ಬುಡಕ್ಕೆ ಸಿಡಿಯುವ ಸೂರಿನ ನೀರು. ಅದಕ್ಕೇ ನಾವು ಪಾಯದ ಕಲ್ಲನ್ನು ನೆಲದಿಂದ 18 ಇಂಚು ಎತ್ತರಿಸಿ ಗೋಡೆ ಶುರು ಮಾಡುತ್ತೇವೆ, ಸೂರನ್ನು 3 ಅಡಿ ಹೊರಗೆ ಚಾಚುತ್ತೇವೆ. ಇಲ್ಲಿ ಜಿಪುಣತನ ಮಾಡಿದರೆ ಮಿಕ್ಕ ಕೆಲಸವೆಲ್ಲ ದಂಡ.

ನಮ್ಮ ಸುಗ್ಗಿ ಹಬ್ಬ ಹುತ್ತರಿ ಕಳೆದು ಕೊಯ್ಲು ಮುಗಿದರೆ ಹುಲ್ಲೂ ಸಿಗುತ್ತದೆ, ಬಿಸಿಲೂ ಇರುತ್ತದೆ. ಕಾಫಿಯವರು ಬೇಡುವ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆ ಮಳೆ, ಬರುವುದರೊಳಗೆ ಮಾಡು ಏರಿರಬೇಕು.

ಮೇಲಿನ 1 ಅಡಿ ಕಪ್ಪು ಮಣ್ಣು ಬೇಡ. ಅದರೊಳಗಿನ ಬೇರು, ಎಲೆ ಗೆದ್ದಲಿಗೆ ಊಟ. ಅಡಿಯ ಕೆಂಪು ಮಣ್ಣು ಅಗೆದು, ಕಲ್ಲು ಆರಿಸಿ, ರಾತ್ರಿಯಿಡೀ ನೆನೆಸಿ ತುಳಿಯಬೇಕು, ಮಗುಚಿ ಮತ್ತೆ ತುಳಿಯಬೇಕು. ಕಿತ್ತಳೆ ಗಾತ್ರದ ಉಂಡೆ ಕಟ್ಟಿ ಸೊಂಟದೆತ್ತರದಿಂದ ಬಿಟ್ಟು ನೋಡಿ: ಚಪ್ಪಟೆಯಾದರೆ ನೀರು ಜಾಸ್ತಿ, ಪುಡಿಯಾದರೆ ಅಂಟು ಸಾಲದು. ಇನ್ನೊಂದು ಉಂಡೆ ಒಣಗುವಾಗ ಬಿರಿದರೆ ಹೊಳೆ ಮರಳು ಸೇರಿಸಿ.

ಗೋಡೆ ದಪ್ಪ 18 ಇಂಚು, ಒಂದು ಸುತ್ತಿನ ಎತ್ತರ 1 ಅಡಿ. ಮುದ್ದೆಯನ್ನು ಎತ್ತಿ ಬಡಿದೇ ಇಡಬೇಕು. ಮೆಲ್ಲಗೆ ಇಟ್ಟರೆ ನಡುವೆ ಪೊಳ್ಳು ಉಳಿದು ಅಲ್ಲೇ ಬಿರುಕು, ಆಮೇಲೆ ಇಲಿ ಬಿಲ. 3-4 ದಿನ ಬಿಟ್ಟು, ಹೆಬ್ಬೆರಳು ಒತ್ತಿದರೆ ಬರೀ ಗುರುತು ಬೀಳುವ ಹದಕ್ಕೆ ಬಂದಾಗ ಎರಡೂ ಬದಿ ಕತ್ತಿಯಿಂದ ಸವರಿ, ತೂಗುಗುಂಡು ಬಿಟ್ಟು ನೋಡಿ, ಮುಂದಿನ ಸುತ್ತು. ಅವಸರ ಮಾಡಿದರೆ ಕೆಳಗಿನ ಸುತ್ತು ಹೊಟ್ಟೆ ಬಿಡುತ್ತದೆ. ಅದಕ್ಕೆ ತೇಪೆ ಇಲ್ಲ, ಕೆಡವಿ ಮತ್ತೆ ತುಳಿಯುವುದೇ. ಪೂರ್ತಿ ಒಣಗಿಸಿದರೂ ತಾಪತ್ರಯ. ಮೇಲ್ಭಾಗ ಗೀರಿ ನೀರು ಚಿಮುಕಿಸದೆ ಹೊಸ ಮಣ್ಣು ಕಚ್ಚುವುದಿಲ್ಲ. ಬಾಗಿಲ ಮೇಲಿನ ಹಲಗೆ ಎರಡೂ ಕಡೆ 9 ಇಂಚಾದರೂ ಗೋಡೆಯೊಳಗೆ ಕೂರಬೇಕು.

ಮಾಡಿಗೆ 3 ವರ್ಷ ದಾಟಿ ಬಲಿತ ಬಿದಿರು. ಕಡಿದು 2-3 ವಾರ ನೀರಲ್ಲಿ ಮುಳುಗಿಸದಿದ್ದರೆ ಹುಳ ಹಿಡಿದು ಊಟದ ತಟ್ಟೆಗೆ ಹಳದಿ ಪುಡಿ ಉದುರುತ್ತದೆ. ಇಳಿಜಾರು, ಅಡ್ಡ ಎಷ್ಟೋ ಎತ್ತರವೂ ಅಷ್ಟೇ. ತಗ್ಗಿದರೆ ನೀರು ಜಾರದೆ ಹುಲ್ಲಿನೊಳಗೆ ಇಂಗಿ ಕೊಳೆಸುತ್ತದೆ. ಸೂರಿನಿಂದ ನೆತ್ತಿಯ ಕಡೆಗೆ ಹೊದೆಸುತ್ತ, ಪ್ರತಿ ಸಾಲೂ ಕೆಳಗಿನದರ ಅರ್ಧಕ್ಕಿಂತ ಹೆಚ್ಚು ಮುಚ್ಚುವಂತೆ, ಒಂದು ಗೇಣು ದಪ್ಪ ಬರಬೇಕು. ಬಿದಿರ ಸೀಳು ಅಡ್ಡ ಇಟ್ಟು ಬಿಗಿಯಿರಿ. ಭತ್ತದ ಹುಲ್ಲಾದರೆ ವರ್ಷ ವರ್ಷ ಹೊಸ ಹೊದಿಕೆ ತಪ್ಪಿದ್ದಲ್ಲ. ಒಲೆಯ ಹೊಗೆ ಆಡುವ ಕಡೆ ಬಿದಿರು ಹೆಚ್ಚು ಬಾಳುತ್ತದೆ, ಮಸಿಯನ್ನು ಬಯ್ಯಬೇಡಿ.

ಮಳೆಗಾಲದ ಗಾಳಿ ಬಡಿಯುವ ಪಡುವಣ ಗೋಡೆಗೆ ಮಾತ್ರ ಸೂರು ಸಾಲದು. ಅಲ್ಲಿ ಹುಲ್ಲಿನ ತಟ್ಟಿ ಕಟ್ಟಿ, ಮಳೆ ಹಿಂದೆ ಸರಿದ ಮೇಲೆ ಬಿಚ್ಚಿ ಗೋಡೆಗೆ ಬಿಸಿಲು ತಾಗಿಸುತ್ತೇವೆ.