ಫಿಲ್ಮ್ ಮುದ್ರಣಕ್ಕೆ ಯಾವ ಬಟ್ಟೆ? ಯಂತ್ರ ಬಿಸಿ ಮಾಡುವ ಮೊದಲು ನೋಡಬೇಕಾದದ್ದು

ಅಕ್ಟೋಬರ್ ತಿಂಗಳು ಬಂತೆಂದರೆ ಟಿ-ಶರ್ಟ್ ಮುದ್ರಿಸುವ ಅಂಗಡಿಗಳಲ್ಲಿ ಹಳದಿ ಮತ್ತು ಕೆಂಪು ಅಂಗಿಗಳ ಕಟ್ಟುಗಳು ಏರತೊಡಗುತ್ತವೆ. ನವೆಂಬರ್ 1ರ ಮೆರವಣಿಗೆಗೆಂದು ಐವತ್ತೋ ನೂರೋ ಅಂಗಿ ಮಾಡಿಸಲು ಬರುವ ಸಂಘದವರು ಅಕ್ಷರದ ವಿನ್ಯಾಸವನ್ನು ಗಂಟೆಗಟ್ಟಲೆ ಚರ್ಚಿಸುತ್ತಾರೆ. ಅಂಗಿ ಯಾವ ನೂಲಿನದು ಎಂದು ಕೇಳುವವರು ಅಪರೂಪ. ಮುದ್ರಣ ಕೆಟ್ಟಾಗ ದೂರು ಫಿಲ್ಮಿನ ಮೇಲೆ, ಶಾಯಿಯ ಮೇಲೆ, ಕೊನೆಗೆ ಮುದ್ರಿಸಿದವನ ಮೇಲೆ ಬೀಳುತ್ತದೆ. ನಾನು ಕಂಡಂತೆ ಹೆಚ್ಚಿನ ತಪ್ಪುಗಳು ಬಟ್ಟೆ ಕೊಳ್ಳುವ ಹೊತ್ತಿನಲ್ಲೇ ಆಗಿಹೋಗಿರುತ್ತವೆ.

ಈಗ ಹೆಚ್ಚು ಬಳಕೆಯಲ್ಲಿರುವ ಡಿಟಿಎಫ್ (ಡೈರೆಕ್ಟ್ ಟು ಫಿಲ್ಮ್) ವಿಧಾನದಲ್ಲಿ ಪ್ಲಾಸ್ಟಿಕ್ ಫಿಲ್ಮಿನ ಮೇಲೆ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ಮಾಡಿ ಮುದ್ರಿಸಲಾಗುತ್ತದೆ. ಅದರ ಮೇಲೆ ಬಿಳಿ ಶಾಯಿಯ ಪದರ ಬರುತ್ತದೆ. ಶಾಯಿ ಹಸಿಯಿರುವಾಗಲೇ ಅಂಟಿನ ಪುಡಿ ಉದುರಿಸಿ, ಬಿಸಿ ಮಾಡಿ ಕರಗಿಸುತ್ತಾರೆ. ಹೀಗೆ ಸಿದ್ಧವಾದ ಫಿಲ್ಮನ್ನು ಬಟ್ಟೆಯ ಮೇಲಿಟ್ಟು ಹೀಟ್ ಪ್ರೆಸ್‌ನಲ್ಲಿ ಒತ್ತಿದಾಗ ಅಂಟು ಮತ್ತೆ ಕರಗಿ ಎಳೆಗಳ ಸಂದಿಗೆ ಇಳಿದು ಹಿಡಿಯುತ್ತದೆ. ಬಣ್ಣದ ವಿನೈಲ್ ಹಾಳೆಯಿಂದ ಅಕ್ಷರ ಕತ್ತರಿಸಿ ಒತ್ತುವ ವಿಧಾನದಲ್ಲಿಯೂ ಹಿಡಿತ ಬರುವುದು ಇದೇ ರೀತಿ. ಆದ್ದರಿಂದ ಬಟ್ಟೆ ಮೂರು ಪರೀಕ್ಷೆಗಳಲ್ಲಿ ಗೆಲ್ಲಬೇಕು: ಶಾಖ ತಾಳಬೇಕು, ಅಂಟಿಗೆ ಹಿಡಿಯಲು ಜಾಗ ಕೊಡಬೇಕು, ತನ್ನ ಬಣ್ಣವನ್ನು ತನ್ನಲ್ಲೇ ಇಟ್ಟುಕೊಳ್ಳಬೇಕು. ಸಬ್ಲಿಮೇಷನ್ ಮುದ್ರಣವನ್ನು ಇದರೊಂದಿಗೆ ಬೆರೆಸಿಕೊಳ್ಳಬಾರದು. ಅಲ್ಲಿ ಬಣ್ಣವೇ ಆವಿಯಾಗಿ ಪಾಲಿಯೆಸ್ಟರ್ ಎಳೆಯೊಳಗೆ ಸೇರುವುದರಿಂದ ಬಿಳಿ ಅಥವಾ ತಿಳಿಬಣ್ಣದ ಪಾಲಿಯೆಸ್ಟರ್ ಮಾತ್ರ ನಡೆಯುತ್ತದೆ, ಹತ್ತಿ ನಡೆಯುವುದಿಲ್ಲ.

ಮೊದಲ ಹೆಜ್ಜೆ: ನೂಲನ್ನು ಗುರುತಿಸುವುದು

ಕೊರಳಪಟ್ಟಿಯ ಚೀಟಿಯಲ್ಲಿ ಹತ್ತಿ ಎಷ್ಟು, ಪಾಲಿಯೆಸ್ಟರ್ ಎಷ್ಟು ಎಂಬುದು ಇದ್ದರೆ ಕೆಲಸ ಸುಲಭ. ಸಗಟು ಅಂಗಡಿಯ ಅಂಗಿಗಳಲ್ಲಿ ಅದು ಅನೇಕ ವೇಳೆ ಇರುವುದಿಲ್ಲ, ಇದ್ದರೂ ಪೂರ್ತಿ ನಂಬಿಕೆಗೆ ಯೋಗ್ಯವಲ್ಲ. ಒಳಹೊಲಿಗೆಯ ಅಂಚಿನಿಂದ ನಾಲ್ಕಾರು ಎಳೆ ಬಿಡಿಸಿ, ಚಿಮಟದಲ್ಲಿ ಹಿಡಿದು, ನೀರಿನ ಬಟ್ಟಲಿನ ಮೇಲೆ ಸುಟ್ಟು ನೋಡಿ. ಹತ್ತಿ ಕಾಗದದಂತೆ ಉರಿದು, ಬೆರಳಿಗೆ ಪುಡಿಯಾಗುವ ಬೂದಿ ಬಿಡುತ್ತದೆ. ಪಾಲಿಯೆಸ್ಟರ್ ಬೆಂಕಿಯಿಂದ ಹಿಂದೆ ಸರಿದು, ಕರಗಿ, ತುದಿಯಲ್ಲಿ ಗಟ್ಟಿ ಮಣಿಯಾಗುತ್ತದೆ. ಉಣ್ಣೆ ಮತ್ತು ರೇಷ್ಮೆಯಿಂದ ಕೂದಲು ಸುಟ್ಟ ವಾಸನೆ ಬರುತ್ತದೆ. ಬೂದಿಯೂ ಮಣಿಯೂ ಎರಡೂ ಕಂಡರೆ ಅದು ಬೆರಕೆ ನೂಲು. ವಿಸ್ಕೋಸ್ ಸಹ ಹತ್ತಿಯಂತೆಯೇ ಉರಿಯುವುದರಿಂದ ಈ ಪರೀಕ್ಷೆಯಲ್ಲಿ ಅವೆರಡನ್ನು ಬೇರ್ಪಡಿಸಲಾಗದು. ಮುದ್ರಣದ ಮಟ್ಟಿಗೆ ಅದರಿಂದ ದೊಡ್ಡ ನಷ್ಟವೇನಿಲ್ಲ.

ಹತ್ತಿ: ಸುಲಭ, ಆದರೆ ಸಿದ್ಧತೆ ಬೇಕು

ಹೊಸದಾಗಿ ಈ ಕೆಲಸ ಆರಂಭಿಸುವವರಿಗೆ ನನ್ನ ಸಲಹೆ ಒಂದೇ: ಮೊದಲ ಕೆಲವು ತಿಂಗಳು ಹತ್ತಿಯನ್ನು ಬಿಟ್ಟು ಅತ್ತಿತ್ತ ಹೋಗಬೇಡಿ. ಡಿಟಿಎಫ್ ಫಿಲ್ಮುಗಳಿಗೆ ಸಾಮಾನ್ಯವಾಗಿ ಬೇಕಾಗುವ 150ರಿಂದ 165 ಡಿಗ್ರಿ ಸೆಲ್ಸಿಯಸ್ ಶಾಖವನ್ನು ಹತ್ತಿ 10ರಿಂದ 15 ಸೆಕೆಂಡ್ ನಿರಾಯಾಸವಾಗಿ ತಾಳುತ್ತದೆ, ಅದರ ಎಳೆಗಳು ಅಂಟನ್ನು ಚೆನ್ನಾಗಿ ಹಿಡಿಯುತ್ತವೆ, ಚೆನ್ನಾಗಿ ಬಣ್ಣ ಕಟ್ಟಿದ ಹತ್ತಿ ಈ ಶಾಖಕ್ಕೆ ಬಣ್ಣ ಬಿಡುವುದಿಲ್ಲ. ನಿಖರವಾದ ತಾಪವನ್ನು ಮಾತ್ರ ಫಿಲ್ಮ್ ತಯಾರಕರು ಕೊಟ್ಟ ಸೂಚನೆಯಿಂದಲೇ ತೆಗೆದುಕೊಳ್ಳಬೇಕು.

ಹತ್ತಿಯ ತೊಂದರೆ ಅದರ ತೇವ. ಒಣಗಿದೆಯೆಂದು ನಾವು ತಿಳಿದ ಹತ್ತಿ ಬಟ್ಟೆಯಲ್ಲಿಯೂ ಒಣ ತೂಕದ ಶೇ 8ರ ಆಸುಪಾಸು ನೀರಿನಂಶ ಇರುತ್ತದೆ. ಪಾಲಿಯೆಸ್ಟರಿನಲ್ಲಿ ಅದು ಶೇ ಅರ್ಧಕ್ಕಿಂತಲೂ ಕಡಿಮೆ. ಈ ನೀರು ಒತ್ತುವಾಗ ಹಬೆಯಾಗಿ ಫಿಲ್ಮಿನ ಕೆಳಗೆ ಸಿಕ್ಕಿಕೊಂಡರೆ ಅಂಟು ಸಮನಾಗಿ ಇಳಿಯದೆ ಅಲ್ಲಲ್ಲಿ ಗುಳ್ಳೆ ಏಳುತ್ತದೆ. ಆದ್ದರಿಂದ ಫಿಲ್ಮ್ ಇಡುವ ಮೊದಲು ಬರಿ ಬಟ್ಟೆಯನ್ನು ನಾಲ್ಕೈದು ಸೆಕೆಂಡ್ ಒತ್ತಿ ತೇವ ಹೊರಹಾಕಬೇಕು. ಮಳೆಗಾಲದ ಮಂಗಳೂರಿನಲ್ಲಿಯೂ ಬೇಸಿಗೆಯ ಕಲಬುರಗಿಯಲ್ಲಿಯೂ ಇದಕ್ಕೆ ಒಂದೇ ಲೆಕ್ಕ ಹಾಕಲಾಗದು. ಕರಾವಳಿಯವರು ಎರಡು ಸಲ ಒತ್ತಿದರೂ ತಪ್ಪಿಲ್ಲ.

ಗಂಜಿ ಹಾಕಿದ ಹೊಸ ಬಟ್ಟೆ ಕೈಗೆ ಗರಿಗರಿಯಾಗಿ ಸಿಗುತ್ತದೆ, ಮುದ್ರಣವೂ ಅಂದವಾಗಿಯೇ ಕೂರುತ್ತದೆ. ಆದರೆ ಅಂಟು ಹಿಡಿದಿರುವುದು ಗಂಜಿಯನ್ನು. ಮೊದಲ ಒಗೆತದಲ್ಲಿ ಗಂಜಿ ಬಿಟ್ಟರೆ ಮುದ್ರಣದ ಅಂಚೂ ಏಳುತ್ತದೆ. ಜೊತೆಗೆ ಕುಗ್ಗುವ ಪ್ರಶ್ನೆಯಿದೆ. ಬಟ್ಟೆ ಕುಗ್ಗಬಹುದು, ಫಿಲ್ಮ್ ಕುಗ್ಗದು. ಪರಿಣಾಮವಾಗಿ ಎದೆಯ ಮೇಲಿನ ಚಿತ್ರ ಸುಕ್ಕುಗಟ್ಟಿ ನಿಲ್ಲುತ್ತದೆ. ಮೊದಲೇ ಒಗೆದು ಕುಗ್ಗಿಸಿದ ಬಟ್ಟೆ ಕೊಳ್ಳುವುದು ಅಥವಾ ನಾವೇ ಒಮ್ಮೆ ಒಗೆದು ಒಣಗಿಸುವುದು ಇದಕ್ಕೆ ದಾರಿ. ಹಾಗೆ ಒಗೆಯುವಾಗ ಬಟ್ಟೆ ಮೃದುವಾಗಿಸುವ ದ್ರವ ಬಳಸಬಾರದು. ಅದು ಎಳೆಯ ಮೇಲೆ ಬಿಡುವ ಜಾರು ಪದರ ಅಂಟಿಗೆ ಅಡ್ಡಿ. ಅಂಗಡಿಯವರು ‘ಬಯೋವಾಶ್’ ಎಂದು ತುಸು ಹೆಚ್ಚು ಬೆಲೆ ಹೇಳುವ ಹತ್ತಿ ಅಂಗಿಯಲ್ಲಿ ಕಿಣ್ವದಿಂದ ಮೇಲಿನ ನವಿರು ಜುಂಗು ತೆಗೆದಿರುತ್ತಾರೆ. ಸಣ್ಣ ಅಕ್ಷರದ ಮುದ್ರಣಕ್ಕೆ ಈ ಬೆಲೆ ಕೊಡುವುದು ಸಾರ್ಥಕ, ಏಕೆಂದರೆ ಕನ್ನಡದ ಒತ್ತಕ್ಷರಗಳ ತೆಳು ಗೆರೆಗಳು ಜುಂಗಿನ ಮೇಲೆ ನಿಲ್ಲುವುದಿಲ್ಲ.

ಕೆಂಪು ಪಾಲಿಯೆಸ್ಟರಿನ ಕಥೆ

ಕೆಲವು ವರ್ಷಗಳ ಹಿಂದೆ ಒಂದು ಬಡಾವಣೆಯ ಸಂಘಕ್ಕೆಂದು ಕೆಂಪು ಡ್ರೈಫಿಟ್ (ಬೆವರು ಬೇಗ ಆರುವ ಪಾಲಿಯೆಸ್ಟರ್) ಅಂಗಿಗಳ ಮೇಲೆ ಬಿಳಿ ಮತ್ತು ಹಳದಿ ಅಕ್ಷರ ಮುದ್ರಿಸಿದ್ದೆ. ಸಂಜೆ ಕಟ್ಟು ಕಟ್ಟುವಾಗ ಎಲ್ಲವೂ ಚೊಕ್ಕವಾಗಿತ್ತು. ಮರುದಿನ ಬೆಳಗ್ಗೆ ಬಿಚ್ಚಿದಾಗ ಬಿಳಿ ಅಕ್ಷರ ಗುಲಾಬಿಯಾಗಿತ್ತು, ಹಳದಿ ಕಿತ್ತಳೆಯತ್ತ ತಿರುಗಿತ್ತು. ಶಾಯಿ ಕೆಟ್ಟಿರಲಿಲ್ಲ, ತಪ್ಪು ನನ್ನ ಆಯ್ಕೆಯದು.

ಪಾಲಿಯೆಸ್ಟರಿಗೆ ಬಳಸುವ ಬಣ್ಣಗಳು ಹತ್ತಿಯ ಬಣ್ಣಗಳಂತೆ ಎಳೆಯೊಂದಿಗೆ ರಾಸಾಯನಿಕವಾಗಿ ಬೆಸೆದುಕೊಂಡಿರುವುದಿಲ್ಲ, ಎಳೆಯೊಳಗೆ ಕರಗಿ ಕುಳಿತಿರುತ್ತವೆ. ಶಾಖ ಏರಿದಾಗ ಅವು ಸಡಿಲಗೊಂಡು ಹೊರಬಂದು ಮೇಲಿನ ಅಂಟಿಗೆ, ಅಲ್ಲಿಂದ ಬಿಳಿ ಶಾಯಿಗೆ ಏರುತ್ತವೆ. ಸಬ್ಲಿಮೇಷನ್ ಮುದ್ರಣಕ್ಕೆ ವರವಾದ ಗುಣವೇ ಇಲ್ಲಿ ಶಾಪವಾಗುತ್ತದೆ. ಈ ಏರಿಕೆ ಕೂಡಲೇ ಕಾಣದೆ ಕೆಲವು ಗಂಟೆ, ಕೆಲವೊಮ್ಮೆ ಕೆಲವು ದಿನ ಕಳೆದು ಕಾಣಬಹುದು. ಬಿಸಿಯಾಗಿರುವಾಗಲೇ ಅಂಗಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟರೆ ಇನ್ನೂ ಹೆಚ್ಚುತ್ತದೆ. ಕೆಂಪು, ಮರೂನ್, ಕಡುನೀಲಿ, ಕಪ್ಪು ಬಣ್ಣಗಳಲ್ಲಿ ಅಪಾಯ ಹೆಚ್ಚು.

ಇದನ್ನು ಮೊದಲೇ ತಿಳಿಯಲು ಒಂದು ಸರಳ ಉಪಾಯವಿದೆ. ಅಂಗಿಯ ಒಳಭಾಗದ ಮೇಲೆ ಬಿಳಿ ಹತ್ತಿ ಬಟ್ಟೆಯ ತುಂಡನ್ನಿಟ್ಟು, ಮುದ್ರಣಕ್ಕೆ ಬಳಸುವ ತಾಪದಲ್ಲಿಯೇ ಅರ್ಧ ನಿಮಿಷ ಒತ್ತಿ. ಬಿಳಿ ತುಂಡಿಗೆ ಬಣ್ಣ ಹತ್ತಿದರೆ ಆ ಅಂಗಿಯನ್ನು ಆ ತಾಪದಲ್ಲಿ ಒತ್ತಬಾರದು. ಹತ್ತದಿದ್ದರೆ ಪೂರ್ತಿ ಧೈರ್ಯ ಬೇಡ, ಆದರೆ ಕೊನೆಯಲ್ಲಿ ಹೇಳಿರುವ ಪೂರ್ತಿ ಅಂಗಿಯ ಪರೀಕ್ಷೆಗೆ ಹೋಗಬಹುದು. ಪಾಲಿಯೆಸ್ಟರೇ ಆಗಬೇಕೆಂದು ಗಿರಾಕಿ ಹಟ ಹಿಡಿದರೆ 130 ಡಿಗ್ರಿಯ ಆಸುಪಾಸಿನಲ್ಲಿ ಕರಗುವ ಅಂಟಿನ ಫಿಲ್ಮ್ ಬಳಸಿ, ಅಥವಾ ಬಣ್ಣ ಮೇಲೇರದಂತೆ ತಡೆಯುವ ಬೂದು ಇಲ್ಲವೇ ಕಪ್ಪು ಪದರವಿರುವ ಫಿಲ್ಮ್ ಕೇಳಿ ತರಿಸಿ. ಅಂಗಿ ಹಳದಿಯಾಗಿದ್ದು ಅಕ್ಷರ ಕೆಂಪಾಗಿದ್ದರೆ ಈ ಗೋಳು ಬಹುಮಟ್ಟಿಗೆ ಕಣ್ಣಿಗೆ ಕಾಣದು ಎಂಬುದನ್ನು ಗಿರಾಕಿಗೆ ತಿಳಿಸಿದರೆ ಅನೇಕರು ಒಪ್ಪಿಕೊಳ್ಳುತ್ತಾರೆ.

ಹತ್ತಿ-ಪಾಲಿಯೆಸ್ಟರ್ ಬೆರಕೆ ನೂಲಿಗೆ ಪಾಲಿಯೆಸ್ಟರಿನ ನಿಯಮವನ್ನೇ ಅನ್ವಯಿಸುವುದು ಕ್ಷೇಮ. ತಾಪ ಅಥವಾ ಒತ್ತಡ ಅತಿಯಾದರೆ ಪ್ರೆಸ್ಸಿನ ತಟ್ಟೆಯ ಚೌಕ ಗುರುತು ಹೊಳೆಯುವ ಕಲೆಯಾಗಿ ಉಳಿಯುತ್ತದೆ. ಒಗೆದರೂ ಅದು ಹೋಗುವುದು ಕಷ್ಟ.

ದೂರವಿಡಬೇಕಾದವು, ಎಚ್ಚರದಿಂದ ಮುಟ್ಟಬೇಕಾದವು

ಸಮಾರಂಭಗಳಲ್ಲಿ ಹಂಚುವ ನಾನ್‌ವೊವನ್ ಚೀಲಗಳನ್ನು ಬಟ್ಟೆಯೆಂದೇ ತಿಳಿದು ಪ್ರೆಸ್ಸಿಗೆ ಇಡುವವರಿದ್ದಾರೆ. ಅವು ಬಹುತೇಕ ಪಾಲಿಪ್ರೊಪಿಲಿನ್ ಎಂಬ ಪ್ಲಾಸ್ಟಿಕ್. ಅದು ಸುಮಾರು 160 ಡಿಗ್ರಿಗೆ ಕರಗಿಯೇಹೋಗುತ್ತದೆ, ಅದಕ್ಕೂ ಮೊದಲೇ ಮುದುಡುತ್ತದೆ. ಕೊಡೆಯ ಬಟ್ಟೆ, ಮಳೆಯಂಗಿ, ನೈಲಾನ್ ಜಾಕೆಟ್‌ಗಳ ಮೇಲೆ ನೀರು ನಿಲ್ಲದಂತೆ ಲೇಪನವಿರುತ್ತದೆ, ನೀರನ್ನು ದೂರ ತಳ್ಳುವ ಲೇಪನ ಅಂಟನ್ನೂ ದೂರ ತಳ್ಳುತ್ತದೆ. ಒಂದು ಹನಿ ನೀರು ಹಾಕಿದಾಗ ಅದು ಇಂಗದೆ ಮುತ್ತಿನಂತೆ ಉರುಳಿದರೆ ಸಾಮಾನ್ಯ ಫಿಲ್ಮ್ ಅಲ್ಲಿ ನಿಲ್ಲದು. ನೈಲಾನಿಗೆಂದೇ ಮಾಡಿದ ಅಂಟಿನ ಫಿಲ್ಮ್ ಬೇಕು. ಲೈಕ್ರಾ ಬೆರೆತ, ಎಳೆದರೆ ಹಿಗ್ಗುವ ಬಟ್ಟೆಗೆ ಹಿಗ್ಗುವ ಫಿಲ್ಮನ್ನೇ ಹಾಕಬೇಕು, ಇಲ್ಲವಾದರೆ ತೊಟ್ಟ ಮೊದಲ ದಿನವೇ ಚಿತ್ರ ಬಿರುಕು ಬಿಡುತ್ತದೆ. ರೇಷ್ಮೆಯನ್ನು ನಾನಂತೂ ಮುಟ್ಟುವುದಿಲ್ಲ.

ಬಳ್ಳಾರಿ ಹೆಸರಾದ ಜೀನ್ಸ್ ಬಟ್ಟೆ ದಪ್ಪ ಹತ್ತಿಯಾದ್ದರಿಂದ ಶಾಖಕ್ಕೆ ಹೆದರುವುದಿಲ್ಲ. ಆದರೆ ಅದರ ನೀಲಿ ಬಣ್ಣ ನೂಲಿನ ಹೊರಮೈಯಲ್ಲಷ್ಟೇ ನಿಂತಿರುವುದರಿಂದ ಉಜ್ಜಿದರೆ ಬಿಡುತ್ತದೆ. ಒಗೆಯದ ಜೀನ್ಸಿನ ಮೇಲೆ ಬಿಳಿ ಚಿತ್ರ ಬೇಗ ಮಾಸುತ್ತದೆ. ಹೊಲಿಗೆ, ಜೇಬು, ಗುಂಡಿಯ ದಪ್ಪ ಪ್ರೆಸ್ಸಿನ ತಟ್ಟೆಯನ್ನು ಎತ್ತಿಹಿಡಿಯದಂತೆ ಚಿತ್ರದ ಜಾಗಕ್ಕಷ್ಟೇ ಕೆಳಗೆ ಮೆತ್ತೆ ಕೊಡಬೇಕು.

ಮೇಲ್ಮೈ ಮತ್ತು ತೂಕ

ಕಾಲರ್ ಅಂಗಿಗಳಿಗೆ ಬಳಸುವ ಮ್ಯಾಟಿ ಬಟ್ಟೆಯಲ್ಲಿ ಸಣ್ಣ ಗುಳಿಗಳಿವೆ, ಖಾದಿಯಲ್ಲಿ ನೂಲಿನ ಗಂಟುಗಳಿವೆ. ಎರಡರಲ್ಲಿಯೂ ಅಂಟು ಉಬ್ಬಿನ ಮೇಲಷ್ಟೇ ಕೂತು ತಗ್ಗನ್ನು ಮುಟ್ಟದೆ ಉಳಿಯಬಹುದು. ಇಂಥವಕ್ಕೆ ಒತ್ತಡ ಹೆಚ್ಚಿಸಿ, ದಪ್ಪ ಅಕ್ಷರ ಆರಿಸಿ. ತೂಕ ತಿಳಿಯಲು 10 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ತುಂಡು ಕತ್ತರಿಸಿ ತೂಗಿ, ಗ್ರಾಮನ್ನು ನೂರರಿಂದ ಗುಣಿಸಿದರೆ ಜಿಎಸ್‌ಎಂ (ಒಂದು ಚದರ ಮೀಟರ್ ಬಟ್ಟೆಯ ತೂಕ, ಗ್ರಾಮಿನಲ್ಲಿ) ಬರುತ್ತದೆ: 1.8 ಗ್ರಾಂ ಇದ್ದರೆ 180 ಜಿಎಸ್‌ಎಂ. ಎದೆತುಂಬ ಚಿತ್ರಕ್ಕೆ ನಾನು ಇದಕ್ಕಿಂತ ಕಡಿಮೆ ತೂಕದ ಬಟ್ಟೆ ಆರಿಸುವುದಿಲ್ಲ; ತೆಳು ಅಂಗಿಯ ಮೇಲೆ ದೊಡ್ಡ ಫಿಲ್ಮ್ ರಟ್ಟಿನಂತೆ ನಿಂತು, ಬೆವರೂ ಆರದೆ ತೊಟ್ಟವರಿಗೆ ಹಿಂಸೆಯಾಗುತ್ತದೆ.

ಕೊನೆಯದಾಗಿ ಒಂದು ಅಂಗಿಯನ್ನು ಪೂರ್ತಿ ಮುದ್ರಿಸಿ, 24 ಗಂಟೆ ಬಿಟ್ಟು, ಬಣ್ಣ ಬದಲಾಗಿದೆಯೇ ಎಂದು ಹಗಲು ಬೆಳಕಿನಲ್ಲಿ ನೋಡಿ. ಅನಂತರ ಒಳಮೈ ಹೊರಗೆ ಮಾಡಿ, ಮನೆಯಲ್ಲಿ ಒಗೆಯುವಂತೆಯೇ ಮೂರ್ನಾಲ್ಕು ಸಲ ಒಗೆದು, ಚಿತ್ರವನ್ನು ಅಡ್ಡಕ್ಕೂ ಉದ್ದಕ್ಕೂ ಎಳೆದು, ಅಂಚನ್ನು ಉಗುರಿನಿಂದ ಕೆರೆದು ನೋಡಿ. ಅದೇ ಅಂಗಡಿಯ ಅದೇ ಕೆಂಪು ಎಂದು ಕೊಂಡರೂ ಬೇರೆ ಲಾಟಿನ ಬಣ್ಣ ಬೇರೆ ರೀತಿ ವರ್ತಿಸಬಹುದಾದ್ದರಿಂದ ಪ್ರತಿ ಲಾಟಿನಿಂದಲೂ ಒಂದೊಂದು ಅಂಗಿಯನ್ನು ಹೀಗೆ ಪರೀಕ್ಷೆಗೆ ತೆಗೆದಿಡಬೇಕು, ಆ ಅಂಗಿಯ ಬೆಲೆಯನ್ನು ಗಿರಾಕಿಗೆ ಹೇಳುವ ಲೆಕ್ಕದಲ್ಲಿ ಮೊದಲೇ ಸೇರಿಸಿಕೊಳ್ಳಬೇಕು.