ಅಮ್ಮನದೊಂದು ಮಾತು, ಅಪ್ಪನದೊಂದು ಮಾತು: ಕಾರವಾರಕ್ಕೆ ಹೊಸದಾಗಿ ಬಂದ ಮನೆಗಳಿಗೆ

ನೌಕಾನೆಲೆಗೋ ಕೈಗಾ ಸ್ಥಾವರಕ್ಕೋ ವರ್ಗವಾಗಿ ಬರುವ ಎಷ್ಟೋ ಮನೆಗಳಲ್ಲಿ ಅಮ್ಮ ಕನ್ನಡದವರು, ಅಪ್ಪ ಮಲಯಾಳಿ. ಇಬ್ಬರ ನಡುವೆ ಹಿಂದಿ. "ಕರ್ನಾಟಕದಲ್ಲೇ ಇದ್ದೇವಲ್ಲ, ಕನ್ನಡ ತಾನಾಗಿ ಬರುತ್ತದೆ" ಎಂದು ದಯವಿಟ್ಟು ಸುಮ್ಮನಿರಬೇಡಿ. ಕಾಲನಿಯ ಮಕ್ಕಳ ಆಟ ಹಿಂದಿಯಲ್ಲಿ, ಪೇಟೆಯ ಮಾತು ಬಹುಪಾಲು ಕೊಂಕಣಿಯಲ್ಲಿ, ಶಾಲೆ ಇಂಗ್ಲಿಷಿನಲ್ಲಿ. ಮಗುವಿಗೆ ಕನ್ನಡ ಸಿಗುವುದು ಅಮ್ಮನ ಬಾಯಿಂದ ಮಾತ್ರ ಎಂದಾಗಬಹುದು. ಅಪ್ಪನ ಭಾಷೆಯ ಪಾಡೂ ಅಷ್ಟೇ.

ಮೊದಲು ಒಂದು ವಾರ ಲೆಕ್ಕ ಬರೆದಿಡಿ. ಎರಡು ವರ್ಷದ ಮಗು ದಿನಕ್ಕೆ ಸುಮಾರು 12 ಗಂಟೆ ಎಚ್ಚರವಿರುತ್ತದೆ, ವಾರಕ್ಕೆ 84. ಅಪ್ಪ ದಿನಕ್ಕೊಂದು ಗಂಟೆ, ಭಾನುವಾರ ನಾಲ್ಕು ಗಂಟೆ ಮಲಯಾಳದಲ್ಲಿ ಆಡಿಸಿದರೆ ಸಿಕ್ಕಿದ್ದು ಹತ್ತೇ ಗಂಟೆ. ಟಿವಿ, ಮೊಬೈಲಿನ ಹಾಡನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಮಗು ಏನಾದರೂ ಅಂದರೆ ಅವು ತಿರುಗಿ ಮಾತಾಡುವುದಿಲ್ಲ. ಕಡಿಮೆ ಬಿದ್ದ ಭಾಷೆಗೆ ಸ್ನಾನ, ರಾತ್ರಿಯೂಟ, ಮಲಗುವ ಮುಂಚಿನ ಕಥೆ, ಈ ಮೂರನ್ನೂ ಬಿಟ್ಟುಕೊಡಿ. ಹಡಗಿನ ಕೆಲಸದವರು ಹೊರಡುವ ಮೊದಲೇ ಮನೆಯಲ್ಲಿರುವ ಚಿತ್ರಪುಸ್ತಕವನ್ನು ಓದಿ ಧ್ವನಿಮುದ್ರಿಸಿಡಲಿ, ಒಂದೊಂದೂ ಹತ್ತು ನಿಮಿಷದೊಳಗೆ. ಅಮ್ಮ ಪಕ್ಕದಲ್ಲಿ ಕೂತು ಪುಟ ತಿರುವಿದರೆ ಸಾಕು.

ಮೂರನೆಯ ವರ್ಷದ ಹೊತ್ತಿಗೆ ಅನೇಕ ಮಕ್ಕಳು ಕನ್ನಡ ಕೇಳಿಸಿಕೊಂಡು ಹಿಂದಿಯಲ್ಲಿ ಉತ್ತರ ಕೊಡಲು ಶುರುಮಾಡುತ್ತವೆ. ಅಮ್ಮನಿಗೆ ಹಿಂದಿ ಗೊತ್ತೆಂದು ಅವಕ್ಕೆ ತಿಳಿದಿದೆ, ಅದೇ ಕಾರಣ. "ಕನ್ನಡದಲ್ಲಿ ಹೇಳು" ಎಂದು ಗದರಿದರೆ ಮಗು ಮಾತನ್ನೇ ನಿಲ್ಲಿಸಬಹುದು. 'ಪಾನಿ' ಅಂದಾಗ "ನೀರು ಬೇಕಾ? ಲೋಟದಲ್ಲಿ ಕೊಡಲಾ, ಬಾಟಲಿಯಲ್ಲಾ?" ಎಂದು ಕೇಳಿ, ಉತ್ತರದ ಪದ ನಿಮ್ಮ ಪ್ರಶ್ನೆಯಲ್ಲೇ ಇರುತ್ತದೆ. ಇದಕ್ಕಿಂತ ಬಲವಾದ ಉಪಾಯವೆಂದರೆ ಹಿಂದಿ ಬಾರದ ಅಜ್ಜಿ. ಶಿರಸಿಯ ಅಜ್ಜಿಗೆ ವಾರಕ್ಕೆ ಮೂರು ಸಲ ಫೋನು ಹಚ್ಚಿಕೊಡಿ, ನಡುವೆ ನೀವು ಅನುವಾದಕ್ಕೆ ನಿಲ್ಲಬೇಡಿ. ಹವ್ಯಕರ ಮನೆಯಾದರೆ 'ಆನು', 'ಎಂತ' ಎಂದೇ ಮಾತಾಡಿ. ಪುಸ್ತಕದ 'ನಾನು' ಶಾಲೆಯಲ್ಲಿ ಬರುತ್ತದೆ, ಮನೆಮಾತನ್ನು ಕಲಿಸುವ ಶಾಲೆ ಇಲ್ಲ.

ಹಿಂದಿ ರೂಢಿಯಾದ ಕಿವಿಗೆ ಕಷ್ಟವಾಗುವುದು ಎ-ಏ, ಒ-ಓ ವ್ಯತ್ಯಾಸ ಮತ್ತು ಳಕಾರ. ಬೆಲೆ, ಬೆಳೆ, ಬೇಳೆ, ಈ ಮೂರನ್ನೂ ಅಡುಗೆಮನೆಯಲ್ಲೇ ಆಡಿಸಬಹುದು: ಬೇಳೆ ಅಳೆಯುತ್ತಾ ಅದರ ಬೆಲೆ ಕೇಳಿ, ಅದು ಯಾವ ಬೆಳೆ ಎಂದು ಹೇಳಿ. ಮಲಯಾಳಿ, ಕೊಂಕಣಿ ಮಕ್ಕಳಿಗೆ ಳಕಾರದ ತೊಡಕಿಲ್ಲ.

ಶಾಲೆಗೆ ಸೇರಿಸುವ ಮುನ್ನ ಕನ್ನಡ ಎಷ್ಟನೇ ತರಗತಿಯಿಂದ, ವಾರಕ್ಕೆ ಎಷ್ಟು ಪಿರಿಯಡ್ ಎಂದು ಕೇಳಿಕೊಳ್ಳಿ. ಮೂರು ವರ್ಷ ತುಂಬಿದವರಿಗೆ ಅಂಗನವಾಡಿ ಇದೆ.

ಎರಡು ಭಾಷೆಯಿಂದ ಮಾತು ತಡವಾಗುವುದಿಲ್ಲ. ಪದ ಎಣಿಸುವಾಗ ಎರಡೂ ಭಾಷೆ ಕೂಡಿಸಿ: ಒಂದೇ ಮೀನಿಗೆ ಅಮ್ಮನ ಹತ್ತಿರ 'ಬಂಗುಡೆ', ಅಪ್ಪನ ಹತ್ತಿರ 'ಅಯಲ' ಎನ್ನುವ ಮಗುವಿಗೆ ಎರಡು ಪದ ಬಂದಿವೆ. ಎರಡು ವರ್ಷ ತುಂಬಿದರೂ ಎಲ್ಲ ಭಾಷೆ ಸೇರಿ ಐವತ್ತು ಪದ ಇಲ್ಲ, ಅಥವಾ ಎರಡೆರಡು ಪದ ಜೋಡಿಸುತ್ತಿಲ್ಲ ಎಂದಾದರೆ ಕಾಯಬೇಡಿ. ಮೊದಲು ಕಿವಿ ಪರೀಕ್ಷೆ ಮಾಡಿಸಿ. ಆಮೇಲೆ ವಾಕ್ ತಜ್ಞರ ಬಳಿ ಹೋಗುವಾಗ ಎರಡೂ ಭಾಷೆಯ ಪದಪಟ್ಟಿ ಜೊತೆಗಿರಲಿ. "ಒಂದು ಭಾಷೆ ಬಿಟ್ಟುಬಿಡಿ" ಎಂದು ಯಾರಾದರೂ ಅಂದರೆ ಒಪ್ಪಬೇಡಿ, ಇನ್ನೊಬ್ಬ ತಜ್ಞರನ್ನು ಕೇಳಿ.